ಮೀಟರ್ ಬೋರ್ಡಿನಲ್ಲಿ ನಾಲ್ಕು ದೇಶ

ನಮ್ಮ ಫಾರ್ಗೋ ಲಾರಿಯ ಮೀಟರ್ ಬೋರ್ಡಿನಲ್ಲಿ ನಾಲ್ಕು ದೇಶಗಳು ಅಕ್ಕಪಕ್ಕ ಕೂತಿವೆ. ಸ್ಪೀಡೋಮೀಟರ್ ಅಮೆರಿಕದ್ದು, ಮೈಲಿಯ ಲೆಕ್ಕ. ನೀರಿನ ಬಿಸಿ ತೋರಿಸುವ ಹೀಟ್ ಮೀಟರ್ ಜರ್ಮನಿಯದು, ಅದರದು ಸೆಂಟಿಗ್ರೇಡ್. ಆಂಪಿಯರ್ ಮೀಟರ್ ನಮ್ಮ ಕೊಯಮತ್ತೂರಿನದು. ಈಚೆಗೆ ನಾನು ಕೂಡಿಸಿದ ಆಯಿಲ್ ಮೀಟರ್ ಇಂಗ್ಲೆಂಡಿನದು. ಕಪ್ಪು ಮುಖದ ಮೇಲೆ ಬಿಳಿ ಅಕ್ಷರದಲ್ಲಿ ಸ್ಮಿತ್ಸ್ ಅಂತಿದೆ, ಸೊನ್ನೆಯಿಂದ ನೂರು ಪೌಂಡಿನವರೆಗೆ ಗೆರೆಗಳಿವೆ. ಹಳೇ ಗಾಡಿಗಳ ಹುಚ್ಚು ಹತ್ತಿದ ಪರಿಚಯದ ಹುಡುಗನೊಬ್ಬ ಬಂದು, ಬಾಗಿಲಿನೊಳಗೆ ತಲೆ ತೂರಿಸಿ ನೋಡಿ, "ಅಂಕಲ್, ಸ್ಪೀಡೋಮೀಟರ್ ಬಿಟ್ರೆ ಒಂದೂ ಒರಿಜಿನಲ್ ಅಲ್ವಲ್ಲ" ಅಂದ. ಅಮೆರಿಕದಲ್ಲಿ ಈಗ ಹಳೇ ಮಾದರಿಯ ಮೀಟರುಗಳನ್ನು ಹೊಸದಾಗಿ ಮಾಡಿ ಮಾರುತ್ತಾರಂತೆ, ಪೂರ್ತಿ ಸೆಟ್ಟನ್ನೇ ತರಿಸಿಬಿಡಿ ಎಂದ.

ಪ್ರೀತಿಯಿಂದಲೇ ಹೇಳಿದ. ಆದರೆ ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ದುಡಿದ ಹಳೇ ಕಾಲದ ಲಾರಿಯೊಂದರ ಎಲ್ಲ ಮೀಟರೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು ಅಂದರೆ ನನಗೆ ಮೊದಲು ಬರುವುದು ಅನುಮಾನ. ಆ ಲಾರಿ ಒಂದೋ ಓಡಿಲ್ಲ, ಇಲ್ಲ ಅದರ ಚರಿತ್ರೆಯನ್ನು ಯಾರೋ ಉಜ್ಜಿ ತೊಳೆದಿದ್ದಾರೆ. ನಮ್ಮೂರಲ್ಲಿ ಗುಜರಿಯಿಂದ ಆಯ್ದ ಮೀಟರೇ ಒರಿಜಿನಲ್. ಹೇಗೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತನಾದವನು. ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಅಪ್ಪನದು ನ್ಯೂ ತರಗುಪೇಟೆಯಲ್ಲಿ ಲಾರಿ ವ್ಯವಹಾರ. ಮಂಡ್ಯದ ಕಡೆಯಿಂದ ಬೆಲ್ಲ ತರುವುದು, ಹೋಗುವಾಗ ಬೇಳೆಕಾಳು, ಎಣ್ಣೆ ಡಬ್ಬ. ಚಾಮರಾಜಪೇಟೆ ಅಂದರೆ ಜನಕ್ಕೆ ನೆನಪಾಗುವುದು ಸಾಹಿತ್ಯ ಪರಿಷತ್ತು, ರಾಮೋತ್ಸವದ ಸಂಗೀತ, ಪುಳಿಯೋಗರೆ. 1892ರಲ್ಲಿ ಹತ್ತನೇ ಚಾಮರಾಜ ಒಡೆಯರ ಹೆಸರಿನಲ್ಲಿ ಬಡಾವಣೆ ಮಾಡಿದವರು ಅಚ್ಚುಕಟ್ಟಾಗಿ ಐದು ಮುಖ್ಯರಸ್ತೆಗಳನ್ನು ಎಳೆದರು. ಆಮೇಲೆ 1898ರ ಪ್ಲೇಗು ಬಂದು, ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಆ ಎರಡಕ್ಕೂ ಚಾಮರಾಜಪೇಟೆಗೂ ಒಂದು ವ್ಯತ್ಯಾಸವಿದೆ. ಅವು ಪೇಟೆಯಿಂದ ದೂರ ಸರಿದು ಕೂತವು. ನಮ್ಮದು ಪೇಟೆಗೆ ಬೆನ್ನು ತಾಗಿಸಿಕೊಂಡೇ ಇತ್ತು. ಮನೆಯಿಂದ ಆಲ್ಬರ್ಟ್ ವಿಕ್ಟರ್ ರಸ್ತೆಗೆ ಬಂದರೆ (ಈಗ ಅದು ಆಲೂರು ವೆಂಕಟರಾಯರ ಹೆಸರಿನ ರಸ್ತೆ) ಎದುರಿಗೆ ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ, ಪಕ್ಕಕ್ಕೆ ಸಿಟಿ ಮಾರ್ಕೆಟ್ಟು, ತರಗುಪೇಟೆಯ ದಾಸ್ತಾನು ಮಳಿಗೆಗಳು, ಅವುಗಳಾಚೆ ಕಲಾಸಿಪಾಳ್ಯ. ಮೊದಲು ಎತ್ತಿನ ಗಾಡಿಗಳು ನಿಲ್ಲುತ್ತಿದ್ದ ಜಾಗಕ್ಕೆ ಲಾರಿಗಳು ಬಂದವು. ಲಾರಿ ನಿಂತ ಕಡೆ ಪಂಕ್ಚರಿನವನು, ಪಟ್ಟಾ ಹೊಡೆಯುವವನು, ಬ್ಯಾಟರಿಯವನು, ಲೇತಿನವನು ಬಂದರು. ಇವರೆಲ್ಲರ ಬೆನ್ನಿಗೆ, ಸತ್ತ ಗಾಡಿಯನ್ನು ಬಿಚ್ಚುವ ಗುಜರಿಯವನು ಬಂದ.

ಲಾರಿ ತಯಾರಾಗುವ ಊರೂ ಇದೇ ಆಗಬೇಕಿತ್ತು. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದು, ಭಾರತದಲ್ಲೇ ವಾಹನ ತಯಾರಿಸುವ ಯೋಜನೆ ಬರೆದರು. ಅದನ್ನು ಕೈಗೆತ್ತಿಕೊಂಡ ಮುಂಬೈಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಜತೆ ಮಾತಾಡಿದರು. ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರ ಕೈಕೊಡವಿತು. ಯುದ್ಧ ಬಂದಿತ್ತು, ಅವರಿಗೆ ತುರ್ತಾಗಿ ಬೇಕಿದ್ದದ್ದು ಬೇರೆ. ಹೀಗಾಗಿ ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಲಾರಿ ಕಾರ್ಖಾನೆ ಕೇಳಿದ ಊರಿಗೆ ವಿಮಾನ ಕಾರ್ಖಾನೆ (ಎಚ್‌ಎಎಲ್) ಸಿಕ್ಕಿತು. ಕ್ರೈಸ್ಲರ್ ಒಪ್ಪಂದದ ಲಾರಿಗಳು ಮುಂದೆ ಮುಂಬೈಯ ಕುರ್ಲಾದಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಜೋಡಣೆಯಾದವು. ನಮ್ಮ ಫಾರ್ಗೋ ಆ ಸಂತಾನದ್ದು. ಡಾಡ್ಜ್, ಡಿಸೋಟೊ, ಫಾರ್ಗೋ ಅಂತ ಮೂರು ಹೆಸರು. ಬಾನೆಟ್ಟಿನ ಮೇಲಿನ ಬಿಲ್ಲೆ ತೆಗೆದರೆ ಮೂರೂ ಒಂದೇ ಲಾರಿ. ಬೇರೆ ಬೇರೆ ಏಜೆಂಟರಿಗೆ ಬೇರೆ ಬೇರೆ ಹೆಸರಲ್ಲಿ ಮಾರುವ ಕ್ರೈಸ್ಲರಿನ ಉಪಾಯ ಅದು.

ಯುದ್ಧ ಬೆಂಗಳೂರಿನ ಮೋಟಾರು ಕಸುಬಿಗೆ ಎರಡು ಪಾಠ ಕಲಿಸಿತು. ಮೊದಲನೆಯದು, ಇಲ್ಲದ್ದನ್ನು ಇದ್ದದ್ದರಲ್ಲಿ ಮಾಡಿಕೊಳ್ಳುವುದು. ಪೆಟ್ರೋಲಿಗೆ ರೇಷನ್ನು ಬಂದಾಗ ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದರು. ಇದ್ದಿಲು ಅರೆಬೆಂದು ಹೊರಬಿಡುವ ಗ್ಯಾಸಿನಿಂದಲೇ ಎಂಜಿನ್ ನಡೆಯಬೇಕು. ಏರು ಬಂದರೆ ಜನ ಇಳಿದು ತಳ್ಳುವುದು, ಕ್ಲೀನರು ಬೂದಿ ಕೆದಕುವುದು. ನಮ್ಮಪ್ಪ ಆ ಕಾಲದ ಕ್ಲೀನರುಗಳನ್ನು 'ಅಡಿಗೆಭಟ್ಟರು' ಅಂತಲೇ ಕರೆಯುತ್ತಿದ್ದರು.

ಎರಡನೆಯದು ಬಿಸಾಕಿದ್ದನ್ನು ಎಬ್ಬಿಸಿ ಓಡಿಸುವುದು. 1943ರಲ್ಲಿ ವಿಮಾನ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, ಅವರ 84ನೇ ಏರ್ ಡಿಪೋ ಆಯಿತು. ಪೂರ್ವದ ಯುದ್ಧಭೂಮಿಯಲ್ಲಿ ಕೆಟ್ಟ ವಿಮಾನಗಳು ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಯುದ್ಧ ಮುಗಿದಾಗ ಕಾನ್ಪುರದ ಮೈದಾನದಲ್ಲಿ ಲಿಬರೇಟರ್ ಬಾಂಬರುಗಳ ದೊಡ್ಡ ರಾಶಿಯೇ ಉಳಿದುಹೋಯಿತು. ಯಾರಿಗೂ ಉಪಯೋಗಕ್ಕೆ ಬರಬಾರದೆಂದು ಅವುಗಳನ್ನು ಬೇಕೆಂದೇ ಕೆಡಿಸಿ ಬಿಟ್ಟಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಹೋಗಿ, ಒಂದರದ್ದು ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಗಟ್ಟಿಮಾಡಿ, ಸುಮಾರು 40 ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿಕೊಂಡೇ ಬಂದರು. ಕಾನ್ಪುರದಿಂದ ಅವುಗಳನ್ನು ತಂದ ಪೈಲಟ್ ಜಮ್‌ಶೆಡ್ ಮುನ್ಶಿ. ಇಲ್ಲಿ ಪೂರ್ತಿ ದುರಸ್ತಿಯಾಗಿ ಆ ವಿಮಾನಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಅವುಗಳಲ್ಲೊಂದು ಈಗ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿನಲ್ಲಿದೆ. ಗುಜರಿ ಅಂದರೆ ಮೂಗು ಮುರಿಯುವವರಿಗೆ ನಾನು ಈ ಕಥೆ ಹೇಳುತ್ತೇನೆ. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರುಗಳು ನಮ್ಮೂರಿನ ಕೈಯಲ್ಲಿ ಗುಜರಿಯಿಂದ ಎದ್ದು ಬಂದವು.

ವಿಮಾನಕ್ಕೆ ಸರ್ಕಾರ ಮಾಡಿದ್ದನ್ನು ಲಾರಿಗೆ ಕಲಾಸಿಪಾಳ್ಯ ಮಾಡಿತು. ಸೇನೆ ಬೇಡವೆಂದ ಶೆವರ್ಲೆ, ಫೋರ್ಡ್, ಡಾಡ್ಜ್ ಟ್ರಕ್ಕುಗಳು, ಜೀಪುಗಳು ಹರಾಜಿಗೆ ಬಂದವು. ಡಿಸ್ಪೋಸಲ್ ಮಾಲು ಅನ್ನುತ್ತಿದ್ದರು. ಜೀಪುಗಳು ಮಲೆನಾಡಿನ ಕಾಫಿ ತೋಟಗಳಿಗೆ ಹತ್ತಿದವು. ಟ್ರಕ್ಕುಗಳಿಗೆ ಹಿಂದೆ ಮರದ ಬಾಡಿ ಕಟ್ಟಿ ಲಾರಿ ಮಾಡಿದರು, ಬಸ್ಸೂ ಮಾಡಿದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ತೆರೆಯಿತು. 1956ರಲ್ಲಿ ಊರೊಳಗಿನ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೂ ಸರ್ಕಾರದ್ದಾಗಿ ಬಿಟಿಎಸ್ ಆಯಿತು. ಖಾಸಗಿಯವರಿಗೆ ಉಳಿದ ನೆಲೆಗಳಲ್ಲಿ ಕಲಾಸಿಪಾಳ್ಯ ದೊಡ್ಡದು. ಖಾಸಗಿಯವನಿಗೆ ಡಿಪೋ ಇಲ್ಲ, ಸ್ಟೋರು ಇಲ್ಲ. ಅವನ ಸ್ಟೋರು ಅಂದರೆ ಗುಜರಿ ಬೀದಿ.

ಅದಕ್ಕೂ ಮಿಗಿಲಾದ ಕಾರಣ ದೆಹಲಿಯದು. 1953ರಲ್ಲಿ ಸುಂಕ ಆಯೋಗ, ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇದ್ದವರಿಗಷ್ಟೇ ಅವಕಾಶ ಅಂದಿತು. ಬರೀ ಜೋಡಣೆ ಮಾಡುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು 1954ರಲ್ಲಿ ಮುಂಬೈಯ ಬಾಗಿಲು ಮುಚ್ಚಿಕೊಂಡು ಹೊರಟವು. ಅದೇ ವರ್ಷ ಟಾಟಾದವರು ಡೈಮ್ಲರ್-ಬೆನ್ಝ್ ಜತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ನಕ್ಷತ್ರದ ಗುರುತಿನ ಲಾರಿ ತಂದರು. ಮದರಾಸಿನಲ್ಲಿ ಆಸ್ಟಿನ್ ಜೋಡಿಸುತ್ತಿದ್ದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನಮ್ಮಲ್ಲಿ ಆಡುಗೋಡಿಯ ಮೈಕೋ, ಡೀಸೆಲ್ ಪಂಪು ನೋಜಲುಗಳ ಕೆಲಸ ಹಿಡಿಯಿತು. ದೇಶಕ್ಕೆ ಇದು ಒಳ್ಳೆಯದೇ. ಆದರೆ ಆಗಲೇ ರಸ್ತೆಯಲ್ಲಿದ್ದ ಫೋರ್ಡು, ಶೆವರ್ಲೆಗಳಿಗೆ ಬಿಡಿಭಾಗ ಎಲ್ಲಿಂದ ಬರಬೇಕು? 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು, ಆಮದು ಲೈಸೆನ್ಸು ಇನ್ನೂ ಬಿಗಿ. ಲಾರಿ ನಿಲ್ಲಿಸುವ ಹಾಗಿಲ್ಲ, ಸಾಲದ ಕಂತು ಇದೆ. ಸತ್ತ ಲಾರಿ ಬದುಕಿದ ಲಾರಿಗೆ ಅಂಗದಾನ ಮಾಡಲೇಬೇಕಾಯಿತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಅದರ ಬೆನ್ನಿನ ಎಸ್.ಜೆ.ಪಿ. ರಸ್ತೆ, ಭಾನುವಾರದ ಬಜಾರು ಹೀಗೆ ಕೊಬ್ಬಿದವು. ಜೆ.ಸಿ. ರಸ್ತೆಗೆ ಸಿನಿಮಾದ ಗುರುತೂ ಇತ್ತು. ಭಾರತ್, ಶಿವಾಜಿ, ಮಿನರ್ವ ಮೂರೂ ಟಾಕೀಸು ಅಲ್ಲೇ. ಅಪ್ಪ ಬೇರಿಂಗ್ ಹುಡುಕುವ ನೆಪದಲ್ಲಿ ಮ್ಯಾಟಿನಿಗೆ ಹೋದದ್ದುಂಟು ಅಂತ ಅಮ್ಮನಿಗೆ ಕೊನೆಯವರೆಗೂ ಗುಮಾನಿ.

ನಮ್ಮ ಲಾರಿ ಮನೆಗೆ ಬಂದದ್ದು ಸೆಕೆಂಡ್ ಹ್ಯಾಂಡ್ ಆಗಿ, ಪೆಟ್ರೋಲ್ ಎಂಜಿನ್ನಿನ ಜತೆ. ಬೆಲ್ಲದ ಬಾಡಿಗೆಗೆ ಪೆಟ್ರೋಲ್ ಹುಯ್ದರೆ ಕೈಗೆ ಏನೂ ಉಳಿಯದು. ಆಗ ಎಲ್ಲರೂ ಮಾಡುತ್ತಿದ್ದದ್ದನ್ನೇ ಅಪ್ಪನೂ ಮಾಡಿಸಿದರು: ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಪಿ-6 ಡೀಸೆಲ್ ಕೂಡಿಸುವುದು. ಇಂಗ್ಲೆಂಡಿನ ಪೀಟರ್‌ಬರೋದ ಆ ಎಂಜಿನ್ನನ್ನು ಮದರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಲ್ಲಿ ಇಲ್ಲೇ ತಯಾರಿಸತೊಡಗಿತ್ತು. ಮೀಟರ್ ಬೋರ್ಡಿನ ಅಧ್ವಾನ ಶುರುವಾಗುವುದು ಇಲ್ಲಿಂದ. ಆ ಕಾಲದ ಕ್ರೈಸ್ಲರ್ ಲಾರಿಗಳದು 6 ವೋಲ್ಟ್. ಡೀಸೆಲ್ ಎಂಜಿನ್ನಿನ ಒತ್ತಡ ಹೆಚ್ಚು, ಅದನ್ನು ತಿರುಗಿಸಿ ಎಬ್ಬಿಸುವ ಸೆಲ್ಫ್ ಸ್ಟಾರ್ಟರಿಗೆ 12 ವೋಲ್ಟ್ ಬೇಕು. ಕರೆಂಟಿನಲ್ಲಿ ಓಡುವ ಇಂಧನದ ಮೀಟರ್ ಹೊಸ ಬ್ಯಾಟರಿ ಕೊಟ್ಟ ದಿನವೇ ಸುಟ್ಟುಹೋಯಿತು. ಅದರ ತೂತಿಗೆ ಅಪ್ಪ ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಟ ಅಂಟಿಸಿ, ಟ್ಯಾಂಕಿಗೆ ಬಿದಿರುಕಡ್ಡಿ ಅದ್ದಿ ಡೀಸೆಲ್ ಅಳೆಯುವ ಪದ್ಧತಿ ಇಟ್ಟುಕೊಂಡರು. ಆ ಕಡ್ಡಿ ಈಗಲೂ ಸೀಟಿನ ಹಿಂದೆ ಇದೆ, ಇದುವರೆಗೆ ಸುಳ್ಳು ಹೇಳಿಲ್ಲ. ಉಳಿದವನ್ನು ಡೀಸೆಲಿನ ನಡುಕ ತಿಂದಿತು. ಕುದಿಯುವ ರೇಡಿಯೇಟರಿನ ಭಯಕ್ಕೆ ಟಾಟಾ-ಮರ್ಸಿಡಿಸ್ ಲಾರಿಯಿಂದ ಬಿಚ್ಚಿದ ವಿಡಿಒ ಹೀಟ್ ಮೀಟರ್ ಬಂತು. ಬಹಳ ವರ್ಷದ ಮೇಲೆ, ಕೊಯಮತ್ತೂರಿನ ಪ್ರಿಕಾಲ್ ಕಂಪನಿ ದೇಶೀ ಮೀಟರುಗಳನ್ನು ತಂದಾಗ, ಆಂಪಿಯರ್ ಮೀಟರ್ ಅಲ್ಲಿಂದ. ಆಯಿಲ್ ಮೀಟರಿನ ಜಾಗ ಮಾತ್ರ ಹಾಳುಬಿದ್ದಿತ್ತು. ಎಂಜಿನ್ನಿಂದ ಬರುವ ಪೈಪಿನ ಬಾಯಿಗೆ ಬೋಲ್ಟು ಬಿಗಿದು ಯಾರೋ ಮುಚ್ಚಿದ್ದರು.

ಉಳಿದ ಮೀಟರ್ ಇಲ್ಲದೆ ಲಾರಿ ನಡೆಯುತ್ತದೆ. ಆಯಿಲ್ ಮೀಟರ್ ಇಲ್ಲದೆ ನಡೆಸಬಾರದು. ಒತ್ತಡ ಬಿದ್ದದ್ದು ಗೊತ್ತಾಗುವಷ್ಟರಲ್ಲಿ ಬೇರಿಂಗ್ ಹಿಡಿದು, ಕ್ರ್ಯಾಂಕು ಹಾಳಾಗಿರುತ್ತದೆ. ಪಿ-6ಗೆ ಹೊಸ ಕ್ರ್ಯಾಂಕು ಈಗ ಎಲ್ಲಿದೆ? ಹಾಗಾಗಿ ಲಾರಿಯನ್ನು ಮತ್ತೆ ರಸ್ತೆಗಿಳಿಸುವ ಮನಸ್ಸು ಮಾಡಿದಾಗ ನಾನು ಮೊದಲು ಹುಡುಕಿದ್ದು ಇದನ್ನೇ.

ಗುಜರಿಯಲ್ಲಿ ಲಾರಿ ಕಟಿಂಗ್‌ಗೆ ಹೋದರೆ ಅದಕ್ಕೊಂದು ಕ್ರಮವಿದೆ. ಎಂಜಿನ್, ಗೇರ್ ಬಾಕ್ಸ್, ಹೌಸಿಂಗ್ ಮೊದಲು ಇಳಿಯುತ್ತವೆ. ರೇಡಿಯೇಟರ್ ತಾಮ್ರ ಹಿತ್ತಾಳೆಯ ತೂಕಕ್ಕೆ. ಚಾಸಿ ಗ್ಯಾಸ್ ಕಟರಿಗೆ. ಮೀಟರುಗಳನ್ನು ಹುಡುಗರು ಕೊನೆಗೆ ಕಿತ್ತು ಗೋಣಿಚೀಲಕ್ಕೆ ಎಸೆಯುತ್ತಾರೆ. ನನ್ನದು ಅಂಥದೊಂದು ಚೀಲದ ತಳದಲ್ಲಿತ್ತು. ಅಂಗಡಿಯವನು "ಲೇಲ್ಯಾಂಡ್ ಕಾಮೆಟ್ ಲಾರೀದು ಸಾರ್" ಅಂದ. ಪಕ್ಕದವನು "ಇಲ್ಲ ಸಾರ್, ಅದಕ್ಕೂ ಹಳೇದು, ಆಸ್ಟಿನ್" ಅಂದ. ಇಬ್ಬರೂ ನನ್ನ ಮುಖ ನೋಡಿ ರೇಟು ನಿರ್ಧರಿಸುತ್ತಿದ್ದರೇ ಹೊರತು ಮೀಟರನ್ನಲ್ಲ.

ನಾನು ಖುಷಿಪಟ್ಟದ್ದು ಅದರ ಜಾತಿಗೆ. ಇದು ಕರೆಂಟಿನ ಮೀಟರಲ್ಲ. ಪ್ಯಾರಿಸಿನ ಯೂಜೀನ್ ಬೂರ್ದೋಂ 1849ರಲ್ಲಿ ಪೇಟೆಂಟ್ ಪಡೆದ ಯುಕ್ತಿ ಇದರ ಒಳಗಿದೆ: ಚಪ್ಪಟೆ ಮಾಡಿ ಕುಡುಗೋಲಿನ ಹಾಗೆ ಬಗ್ಗಿಸಿದ ಹಿತ್ತಾಳೆ ನಳಿಗೆ, ಒಂದು ತುದಿ ಮುಚ್ಚಿದ್ದು. ಇನ್ನೊಂದು ತುದಿಯಿಂದ ಎಂಜಿನ್ನಿನ ಆಯಿಲ್ ಒತ್ತಿಕೊಂಡು ಬಂದರೆ ನಳಿಗೆ ನೆಟ್ಟಗಾಗಲು ನೋಡುತ್ತದೆ. ಆ ಕೂದಲೆಳೆಯಷ್ಟು ಚಲನೆಯನ್ನು ಒಂದು ಹಲ್ಲಿನ ಪಟ್ಟಿ ಹಿಗ್ಗಿಸಿ ಮುಳ್ಳಿಗೆ ಕೊಡುತ್ತದೆ. ಇಷ್ಟೇ. 6 ವೋಲ್ಟೋ 12 ವೋಲ್ಟೋ, ಬ್ರಿಟಿಷ್ ಗಾಡಿಗಳ ಹಾಗೆ ಪಾಸಿಟಿವ್ ಅರ್ಥಿಂಗೋ ಇದಕ್ಕೆ ಸಂಬಂಧವಿಲ್ಲ. ಯಾವ ಲಾರಿಯಿಂದ ಕಿತ್ತು ಯಾವ ಲಾರಿಗೆ ಹಾಕಿದರೂ ನಿಜವನ್ನೇ ಹೇಳುತ್ತದೆ. ಗುಜರಿ ಬೀದಿಯಲ್ಲಿ ಇಂಥ ಮೀಟರಿಗೆ ಬೆಲೆ ಹೆಚ್ಚಿದ್ದದ್ದು ಇದಕ್ಕೇ.

ಮೀಟರ್ ರಿಪೇರಿಯವರು ಆ ಬೀದಿಯಲ್ಲಿ ಬೇರೆಯೇ ಪಂಗಡ. ಉಳಿದವರ ಕೈಗೆ ಸುತ್ತಿಗೆ, ಇವರ ಕಣ್ಣಿಗೆ ಗಡಿಯಾರದವರ ಭೂತಗನ್ನಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ಬಲ್ಬು, ಗೋಡೆ ತುಂಬ ಮುಖವಿಲ್ಲದ ಮೀಟರುಗಳು. ನಾನು ಹೋಗುವ ಹಿರಿಯರು ತಮ್ಮ ತಂದೆಯಿಂದ ಕಲಿತವರು. ಮೀಟರಿನ ಸುತ್ತಿನ ರಿಂಗನ್ನು ಹೆಬ್ಬೆರಳಲ್ಲಿ ಒತ್ತಿ ಚೂರು ತಿರುಗಿಸಿದರು, ಸ್ಕ್ರೂಡ್ರೈವರ್ ಇಲ್ಲದೆ ಗಾಜು ಕೈಗೆ ಬಂತು. "ಇದು ಸಾಯೋದಿಲ್ಲ ಮೇಷ್ಟ್ರೇ. ಒಳಗೆ ಕಾಯಿಲ್ ಇಲ್ಲ, ಕರೆಂಟ್ ಇಲ್ಲ. ಸುಡೋಕೆ ಏನಿದೆ?"

"ಮತ್ತೆ ಮುಳ್ಳು ಯಾಕೆ ಏಳ್ತಿಲ್ಲ ಭಾಯ್?"

"ಅದಕ್ಕೆ ಉಸಿರು ಕಟ್ಟಿದೆ."

ನಳಿಗೆಯ ಬಾಯಲ್ಲಿ ದಶಕಗಳ ಆಯಿಲ್ ಗಟ್ಟಿಯಾಗಿ ಡಾಂಬರಾಗಿತ್ತು. ಪೆಟ್ರೋಲಿನಲ್ಲಿ ನೆನೆಸಿ, ಮೆಲ್ಲಗೆ ಗಾಳಿ ಬಿಟ್ಟು ತೆಗೆದರು. ಬುಡದ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ಸೋರಿಕೆ. ಅಲ್ಲಿ ಜಾಸ್ತಿ ಬಿಸಿ ಕೊಟ್ಟರೆ ಹಿತ್ತಾಳೆ ಮೆತ್ತಗಾಗಿ ಸ್ಪ್ರಿಂಗಿನ ಗುಣ ಹೋಗುತ್ತದೆ, ಆಮೇಲೆ ಮುಳ್ಳು ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ. ಅವರು ಒದ್ದೆ ಬಟ್ಟೆ ಸುತ್ತಿ, ಬರೀ ಬುಡಕ್ಕೆ ಸೋಲ್ಡರ್ ಮುಟ್ಟಿಸಿದರು. ಆಮೇಲೆ ಕೈಪಂಪಿಗೆ ನನ್ನ ಮೀಟರನ್ನೂ ಅವರ ಮಾಸ್ಟರ್ ಮೀಟರನ್ನೂ ಒಟ್ಟಿಗೆ ಕೂಡಿಸಿ, 20, 40, 60 ಅಂತ ಏರಿಸುತ್ತ ಎರಡು ಮುಳ್ಳು ಒಂದೇ ಮಾತಾಡುವವರೆಗೆ ತಿದ್ದಿದರು. ಮುಖಕ್ಕೆ ಹೊಸ ಸ್ಟಿಕರ್ ಅಂಟಿಸಲೇ ಎಂದು ಕೇಳಿದರು. ಬೇಡ ಅಂದೆ. ಅವರಿಗೂ ಬೇಕಿರಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು; ಈಗಿನ ಗಿರಾಕಿಗಳು ಕೇಳುತ್ತಾರಲ್ಲ.

ಇಲ್ಲೊಂದು ಎಚ್ಚರಿಕೆ. ಯುದ್ಧಕಾಲದ ಸೇನಾ ಗಾಡಿಗಳ, ವಿಮಾನಗಳ ಮೀಟರುಗಳು ಇಂಥ ಚೀಲಗಳಲ್ಲಿ ಈಗಲೂ ಸಿಗುವುದುಂಟು. ಕತ್ತಲಲ್ಲಿ ಹೊಳೆಯಲೆಂದು ಅವುಗಳ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿರುತ್ತಿದ್ದರು. ಈಗ ಹೊಳೆಯುವುದಿಲ್ಲ, ಆದ್ದರಿಂದ ಸತ್ತುಹೋಗಿದೆ ಅಂತ ಜನ ತಿಳಿಯುತ್ತಾರೆ. ಸತ್ತದ್ದು ಹೊಳೆಯುವ ಸತುವಿನ ಸಂಯುಕ್ತ. ರೇಡಿಯಮ್ಮಿನ ಅರ್ಧಾಯುಷ್ಯ 1,600 ವರ್ಷ. ಕಂದು ಬಣ್ಣಕ್ಕೆ ತಿರುಗಿದ ಅಂಥ ಅಂಕಿಗಳನ್ನು ಕೆರೆಯಬೇಡಿ, ಗಾಜು ತೆಗೆದು ಊದಬೇಡಿ.

ಕೂಡಿಸುವ ಕೆಲಸದಲ್ಲಿ ಸುಲಭದ್ದು ತೂತು. ಬ್ರಿಟಿಷ್ ಮೀಟರುಗಳೂ ಅಮೆರಿಕದವೂ ಹೆಚ್ಚುಕಮ್ಮಿ ಒಂದೇ ಅಗಲ, ಎರಡಿಂಚಿನ ಮೇಲೆ ಒಂದು ಕೂದಲು, 52 ಮಿಲಿಮೀಟರ್. ಹಿಂದಿನಿಂದ ಇಂಗ್ಲಿಷಿನ ಯು ಆಕಾರದ ಪಟ್ಟಿ ಹಾಕಿ ನಟ್ಟು ಬಿಗಿದರೆ ಮುಗಿಯಿತು. ತಕರಾರು ಇದ್ದದ್ದು ಪೈಪಿನ ಮರೆಯಲ್ಲಿ, ಥ್ರೆಡ್ಡಿನಲ್ಲಿ. ಎಂಜಿನ್ನಿಂದ ಬಂದ ಹಳೇ ಪೈಪಿನ ಬಾಯಿ ಅಮೆರಿಕದ್ದು, ಇಂಚಿಗೆ 27 ಸುತ್ತು. ಸ್ಮಿತ್ಸ್ ಮೀಟರಿನದು ಬ್ರಿಟಿಷ್, ಇಂಚಿಗೆ 28. ಹೆಸರು ಎರಡಕ್ಕೂ 'ಒನ್ ಬೈ ಎಯ್ಟ್'. ಬೆರಳಲ್ಲಿ ತಿರುಗಿಸಿದರೆ ಮೊದಲ ಎರಡು ಸುತ್ತು ಬೆಣ್ಣೆಯ ಹಾಗೆ ಹೋಗುತ್ತದೆ, ಆಮೇಲೆ ಹಲ್ಲು ಕಚ್ಚುತ್ತದೆ. ಬಿಗಿಯಾಯಿತು ಅಂತ ಬಿಟ್ಟರೆ ನಾಳೆ ಬೆಳಿಗ್ಗೆ ಡ್ರೈವರನ ಪಾದದ ಮೇಲೆ ಬಿಸಿ ಆಯಿಲ್. ಇಂಗ್ಲೆಂಡಿನ ವಿಟ್ವರ್ತ್ 1841ರಲ್ಲಿ ಒಂದು ಲೆಕ್ಕ ಮಾಡಿದ, ಅಮೆರಿಕದ ಸೆಲರ್ಸ್ 1864ರಲ್ಲಿ ಇನ್ನೊಂದು. ಥ್ರೆಡ್ಡಿನ ಕೋನ ಒಬ್ಬನದು 55 ಡಿಗ್ರಿ, ಇನ್ನೊಬ್ಬನದು 60. ಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಸೇರದೆ ಒದ್ದಾಡಿದ ಮೇಲೆ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಕೂತು ಬೋಲ್ಟಿಗೆ ಒಂದೇ ಅಳತೆ ಒಪ್ಪಿಕೊಂಡವು. ಪೈಪಿನ ವಿಷಯದಲ್ಲಿ ಮಾತ್ರ ಇವತ್ತಿಗೂ ರಾಜಿಯಾಗಿಲ್ಲ. ನಮ್ಮ ಮೆಕ್ಯಾನಿಕ್ಕುಗಳಿಗೆ ಈ ಇತಿಹಾಸ ಬೇಕಿರಲಿಲ್ಲ. ನೂಲು ಸುತ್ತಿ, ಬಿಳಿ ಪೇಂಟು ಮೆತ್ತಿ, "ರೈಟ್" ಅನ್ನುತ್ತಿದ್ದರು. ಅದು ಒಂದು ಟ್ರಿಪ್ಪಿಗೆ ಸರಿ. ನಾನು ಕಲಾಸಿಪಾಳ್ಯದ ಲೇತಿಗೆ ಎರಡೂ ತುಂಡು ತೆಗೆದುಕೊಂಡು ಹೋದೆ. ಲೇತಿನವನು ಹಿತ್ತಾಳೆ ರಾಡಿನಿಂದ, ಒಂದು ಕಡೆ 27, ಇನ್ನೊಂದು ಕಡೆ 28 ಥ್ರೆಡ್ ಇರುವ ನಿಪ್ಪಲ್ ಕಡೆದುಕೊಟ್ಟ. ಅವನಿಗೆ ಇದು ದಿನದ ಕೆಲಸವಾಗಿದ್ದ ಕಾಲವೊಂದಿತ್ತು. ಗೇರು ಬದಲಿಸುವಾಗ ಚಾರ್ಟು ನೋಡಲಿಲ್ಲ.

ತಾಮ್ರದ ಹೊಸ ಪೈಪಿಗೆ ಎಂಜಿನ್ನಿನ ಹತ್ತಿರ ಎರಡು ಸುತ್ತು ಸುರುಳಿ ಬಿಟ್ಟೆ. ನೆಟ್ಟಗೆ ಎಳೆದರೆ ಡೀಸೆಲಿನ ನಡುಕಕ್ಕೆ ತಾಮ್ರ ಗಡುಸಾಗಿ ಸೀಳುತ್ತದೆ. ಸ್ಟಾರ್ಟ್ ಮಾಡಿದರೆ ತಣ್ಣಗಿದ್ದಾಗ ಮುಳ್ಳು 60ರ ಹತ್ತಿರ ಹೋಗಿ, ಬಿಸಿಯಾದ ಮೇಲೆ 40ಕ್ಕೆ ಇಳಿದು ನಿಲ್ಲುತ್ತದೆ. ಲಕ್ಷಣವಾಗಿದೆ.

ಆ ಮೀಟರ್ ಬೀದಿ ಇಷ್ಟು ಕಾಲ ಉಳಿದದ್ದು ಲಾರಿಯಿಂದಲ್ಲ, ಆಟೋದಿಂದ. ದರ ಏರಿದಾಗಲೆಲ್ಲ ಆಟೋಗಳ ಹಳೇ ಮೀಟರುಗಳ ಹಲ್ಲುಗಾಲಿ ಬದಲಾಯಿಸಬೇಕು, ತೂಕ ಮತ್ತು ಅಳತೆ ಇಲಾಖೆಯ ಸೀಲು ಹಾಕಿಸಬೇಕು. ದರ ಏರಿಕೆ ಅಂದರೆ ಇವರಿಗೆ ಸುಗ್ಗಿ. ಡಿಜಿಟಲ್ ಮೀಟರ್ ಬಂದು ಅದು ಹೋಯಿತು. ಬಹಳಷ್ಟು ಹೊಸ ಕಾರುಗಳಲ್ಲಿ ಈಗ ಮುಳ್ಳೇ ಇಲ್ಲ, ಟಿವಿ ಪರದೆ. ಉಳಿದವರು ಜನರೇಟರು, ಟ್ರ್ಯಾಕ್ಟರು, ನಮ್ಮಂಥ ಹುಚ್ಚರು ಎಂದು ಹೇಗೋ ನಡೆಸುತ್ತಿದ್ದಾರೆ.

ಹುಚ್ಚರ ಪೈಕಿಯೂ ಲಾರಿಯವರದು ಕೆಳಗಿನ ಪಂಕ್ತಿ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಅದು ಸ್ವಂತ ಬಳಕೆಯ ಎರಡು ಚಕ್ರ, ನಾಲ್ಕು ಚಕ್ರಗಳಿಗೆ. ಮೂಲರೂಪ ಕೆಡದಂತೆ ಉಳಿಸಿರಬೇಕು ಅನ್ನುವುದು ಷರತ್ತು. ಬೆಲ್ಲ ಹೊತ್ತ ಲಾರಿಗೆ ಅಲ್ಲಿ ಜಾಗವಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಹೆಗ್ಗಡೆಯವರು ತೆರೆದ 'ಪಯಣ' ಸಂಗ್ರಹಾಲಯವನ್ನು ನೋಡಿಬಂದೆ, ಕಾರುಗಳು ಕಣ್ಣು ಕುಕ್ಕುವ ಹಾಗಿವೆ. ಕಾರು ಮಾಲೀಕನ ಕಥೆ ಹೇಳುತ್ತದೆ, ಒಪ್ಪಿದೆ. ಊರಿನ ಹೊಟ್ಟೆ ತುಂಬಿಸಿದ ಗಾಡಿಗಳನ್ನೂ ಯಾರಾದರೂ ಇಡಬೇಕು. ಇಟ್ಟರೆ ದಯವಿಟ್ಟು ಮೀಟರ್ ಬೋರ್ಡಿಗೆ ಕೈಹಚ್ಚಬೇಡಿ. ಜರ್ಮನಿಯ ಹೀಟ್ ಮೀಟರ್ ಕಿತ್ತು ಅಮೆರಿಕದ ಹೊಸ ನಕಲು ಹಾಕಿದರೆ, 1954ರ ಒಪ್ಪಂದ, ಆಮದು ಲೈಸೆನ್ಸು, ಕಲಾಸಿಪಾಳ್ಯದ ಚೀಲ ಎಲ್ಲವನ್ನೂ ಕಿತ್ತ ಹಾಗೆ.

ಸ್ಪೀಡೋಮೀಟರ್ ಒಂದರ ಬಗ್ಗೆ ಆ ಹುಡುಗನಿಗೂ ನನಗೂ ಜಗಳ ಮುಗಿದಿಲ್ಲ. ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದು ಮೈಲಿಗಲ್ಲುಗಳೆಲ್ಲ ಕಿಲೋಮೀಟರಿನ ಕಲ್ಲಾದ ಮೇಲೆ, ಬಹಳ ಜನ ಡಯಲ್ಲಿನ ಮೇಲೆ ಬಿಳಿ ಪೇಂಟಿನಲ್ಲಿ ಕಿಲೋಮೀಟರ್ ಅಂಕಿ ಬರೆಸಿಕೊಂಡರು. ನಮ್ಮದರ ಮೇಲೂ ಇದೆ. ಯಾರೋ ಪೇಂಟರ್ 20ರ ಪಕ್ಕ 32, 40ರ ಪಕ್ಕ 64 ಅಂತ ಕನ್ನಡ ಅಂಕಿಯಲ್ಲಿ ಬರೆದಿದ್ದಾನೆ. ಅದನ್ನು ಒರೆಸಿದರೆ ಅಮೆರಿಕದ ಒರಿಜಿನಲ್ ಸಿಗುತ್ತದೆ ಅನ್ನುತ್ತಾನೆ ಅವನು. ಒರೆಸಲು ನಾನು ಬಿಟ್ಟಿಲ್ಲ. ಸದ್ಯಕ್ಕೆ ಅದರ ಕೇಬಲ್ ತುಂಡಾಗಿದೆ, ಭಾಯ್‌ಗೆ ಅಳತೆ ಕೊಟ್ಟು ಬಂದಿದ್ದೇನೆ.